ಕಾಡಿನ ಓದು, ನೀರಿನ ಲೆಕ್ಕ

ಮರದ ಸುತ್ತಳತೆ ತೆಗೆಯುವುದರಲ್ಲಿ ಏನಿದೆ, ಟೇಪು ಸುತ್ತಿದರೆ ಆಯಿತು ಎಂದುಕೊಂಡೇ ಅರಣ್ಯಶಾಸ್ತ್ರದ ಹುಡುಗ ಹುಡುಗಿಯರು ಮೊದಲ ಸಲ ಕಾಡಿಗೆ ಇಳಿಯುತ್ತಾರೆ. ಹತ್ತು ನಿಮಿಷದಲ್ಲಿ ಪ್ರಶ್ನೆಗಳು ಶುರುವಾಗುತ್ತವೆ. ಯಾವ ಎತ್ತರದಲ್ಲಿ ಸುತ್ತಬೇಕು? ನೆಲದಿಂದ 1.37 ಮೀಟರ್, ಅಂದರೆ ಸುಮಾರು ಎದೆಮಟ್ಟ. ಮರ ಇಳಿಜಾರಿನಲ್ಲಿದ್ದರೆ? ಮೇಲ್ಬದಿಯ ನೆಲದಿಂದ ಲೆಕ್ಕ ಹಿಡಿಯಬೇಕು. ಬುಡದಲ್ಲಿ ಹಲಗೆಯಂತೆ ಚಾಚಿದ ಬೇರುಗಳಿದ್ದರೆ? ಅವು ಮುಗಿದಲ್ಲಿಂದ ಮೇಲಕ್ಕೆ ಟೇಪು ಹೋಗಬೇಕು. ಎದೆಮಟ್ಟಕ್ಕಿಂತ ಕೆಳಗೇ ಕವಲೊಡೆದಿದ್ದರೆ ಎರಡೂ ಕಾಂಡಗಳನ್ನು ಬೇರೆ ಬೇರೆ ಅಳೆದು ಬರೆಯಬೇಕು. ಬಳ್ಳಿ ಹಬ್ಬಿದ್ದರೆ ಅದರಡಿಯಿಂದ ಟೇಪು ತೂರಿಸಬೇಕು. ಅಷ್ಟರಲ್ಲಿ ಒಬ್ಬರ ಕಾಲಿಗೆ ಉಂಬಳ ಹತ್ತಿರುತ್ತದೆ, ಮಳೆಗೆ ಪುಸ್ತಕದ ಹಾಳೆ ಒದ್ದೆಯಾಗಿರುತ್ತದೆ, ಇನ್ನೂ ನಲವತ್ತು ಮರ ಬಾಕಿ ಇರುತ್ತದೆ.

ನಿಸರ್ಗ ಸಂಪನ್ಮೂಲಗಳ ಸಂರಕ್ಷಣೆಯ ಓದು ಎಂದರೆ ಇದೇ. ಕಾಡಿನ ಮೇಲಿನ ಪ್ರೀತಿ ಇದರ ಹೆಬ್ಬಾಗಿಲು. ಒಳಗೆ ಕಾಲಿಟ್ಟ ಮೇಲೆ ಬೇಕಾಗುವುದು ಅಳತೆ, ದಾಖಲೆ, ತಾಳ್ಮೆ. ಜೊತೆಗೆ, ಆ ಕಾಡನ್ನೂ ನೀರನ್ನೂ ನಂಬಿ ಬದುಕುವ ಜನರ ಜಗಲಿಯಲ್ಲಿ ಕೂತು ಅವರ ಮಾತು ಕೇಳುವ ಗುಣ. ದ್ವಿತೀಯ ಪಿಯುಸಿ ಮುಗಿಸಿದ ಮಕ್ಕಳು, ಅವರ ತಂದೆತಾಯಿ ಈ ಓದನ್ನು ಆರಿಸಿಕೊಳ್ಳುವ ಮೊದಲು ಇದನ್ನು ತಿಳಿದಿರಬೇಕು. ತಿಳಿದು ಬಂದವರಿಗೆ ಇದರಷ್ಟು ತೃಪ್ತಿ ಕೊಡುವ ಓದು ಕಡಿಮೆ ಎಂದು ನಾನು ನಂಬಿದ್ದೇನೆ.

ಒಂದು ಹೆಸರು, ಹಲವು ದಾರಿ

ಸಂರಕ್ಷಣೆ ಎಂದ ಕೂಡಲೇ ಹುಲಿ, ಆನೆ, ಖಾಕಿ ಸಮವಸ್ತ್ರ ಕಣ್ಣ ಮುಂದೆ ಬರುತ್ತವೆ. ಆದರೆ ಈ ಓದಿಗೆ ಕನಿಷ್ಠ ನಾಲ್ಕು ಕವಲುಗಳಿವೆ.

ಮೊದಲನೆಯದು ಅರಣ್ಯಶಾಸ್ತ್ರ: ಕಾಡು ಬೆಳೆಸುವುದು, ಅಳೆಯುವುದು, ಕಾಪಾಡುವುದು, ಮರಮಟ್ಟು ಮತ್ತು ಕಿರು ಅರಣ್ಯ ಉತ್ಪನ್ನಗಳನ್ನು ಹಿತಮಿತವಾಗಿ ಬಳಸುವುದು. ಎರಡನೆಯದು ವನ್ಯಜೀವಿ ವಿಜ್ಞಾನ ಮತ್ತು ಪರಿಸರಶಾಸ್ತ್ರ. ಮೂರನೆಯದು ಮಣ್ಣು ಮತ್ತು ನೀರಿನ ಸಂರಕ್ಷಣೆ. ಕೃಷಿ ಎಂಜಿನಿಯರಿಂಗ್, ಮಣ್ಣು ವಿಜ್ಞಾನ, ಜಲಾನಯನ ನಿರ್ವಹಣೆ ಇದರಲ್ಲಿ ಸೇರುತ್ತವೆ. ನಾಲ್ಕನೆಯದು ಪರಿಸರ ವಿಜ್ಞಾನ, ಕಾನೂನು ಮತ್ತು ಆಡಳಿತ: ಮಾಲಿನ್ಯ ನಿಯಂತ್ರಣ, ಪರಿಸರ ಪರಿಣಾಮ ಅಧ್ಯಯನ, ಅರಣ್ಯ ಹಕ್ಕು, ಜೀವವೈವಿಧ್ಯ ಕಾಯ್ದೆ.

ಆಯ್ಕೆ ಮಾಡುವಾಗ 'ಯಾವುದಕ್ಕೆ ಬೇಡಿಕೆ ಇದೆ' ಎಂಬ ಪ್ರಶ್ನೆಗಿಂತ ಮೊದಲು ಇನ್ನೊಂದನ್ನು ಕೇಳಿಕೊಳ್ಳಿ. ಇದರಲ್ಲಿ ಯಾವ ಕೆಲಸದ ಸಾಮಾನ್ಯ ದಿನವನ್ನು ನಾನು ಬೇಸರವಿಲ್ಲದೆ ಕಳೆಯಬಲ್ಲೆ? ಹುಲಿ ಕಂಡ ದಿನ ಎಲ್ಲರಿಗೂ ಖುಷಿಯೇ. ಹುಲಿ ಕಾಣದ ಮುನ್ನೂರು ದಿನ ಕ್ಯಾಮೆರಾದ ಬ್ಯಾಟರಿ ಬದಲಿಸುತ್ತ, ಹಿಕ್ಕೆ ಎಣಿಸುತ್ತ, ಕಂಪ್ಯೂಟರಿನಲ್ಲಿ ಅಂಕಿಅಂಶ ತುಂಬುತ್ತ ಇರಬಲ್ಲಿರಾ ಎಂಬುದರ ಮೇಲೆ ನಿಮ್ಮ ದಾರಿ ನಿಂತಿದೆ.

ಪಿಯುಸಿ ಮುಗಿದ ಮೇಲೆ

ನಮ್ಮ ರಾಜ್ಯದಲ್ಲಿ ಬಿ.ಎಸ್ಸಿ. (ಆನರ್ಸ್) ಅರಣ್ಯಶಾಸ್ತ್ರಕ್ಕೆ ಹೆಸರಾದ ಸರ್ಕಾರಿ ಕಾಲೇಜುಗಳು ಎರಡು. ಒಂದು ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಶಿರಸಿಯ ಅರಣ್ಯ ಮಹಾವಿದ್ಯಾಲಯ, ಇನ್ನೊಂದು ಕೊಡಗಿನ ಪೊನ್ನಂಪೇಟೆಯದು. ಓದು ನಾಲ್ಕು ವರ್ಷದ್ದು. ಪಿಯುಸಿಯಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನದ ಜೊತೆ ಜೀವವಿಜ್ಞಾನ ಇರಬೇಕು. ಪ್ರವೇಶ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿ ಮೂಲಕ.

ಇಲ್ಲಿ ಹಳ್ಳಿಯ ಮಕ್ಕಳು ಕೈತಪ್ಪಿಸಿಕೊಳ್ಳಬಾರದ ಒಂದು ಅವಕಾಶವಿದೆ. ಕೃಷಿಗೆ ಸಂಬಂಧಿಸಿದ ಪದವಿಗಳಲ್ಲಿ ಕೃಷಿಕ ಕುಟುಂಬದ ಮಕ್ಕಳಿಗೆ ಕೋಟಾ ಇದೆ. ಅದಕ್ಕಾಗಿ ಬೀಜ, ಗಿಡ, ಗೊಬ್ಬರ, ಸಲಕರಣೆ ಗುರುತಿಸುವ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಸಿಇಟಿ ಅರ್ಜಿ ತುಂಬುವಾಗಲೇ ಈ ಕೋಟಾವನ್ನು ಕೋರಿರಬೇಕು. ಫಲಿತಾಂಶ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಜಮೀನಿನ ಪಹಣಿ ಮತ್ತು ಕೃಷಿಕ ಕುಟುಂಬವೆಂಬ ದೃಢೀಕರಣಕ್ಕಾಗಿ ತಾಲ್ಲೂಕು ಕಚೇರಿಗೆ ಮೊದಲೇ ಓಡಾಡಿ ಇಟ್ಟುಕೊಳ್ಳಿ. ಅರ್ಹತೆಯ ವಿವರಗಳಿಗೆ ಆಯಾ ವರ್ಷದ ಮಾಹಿತಿ ಪುಸ್ತಕವನ್ನೇ ಓದಿ. ಹಿಂದಿನ ವರ್ಷ ಸೇರಿದವರ ಮಾತನ್ನು ನಂಬಿ ಕೂರಬೇಡಿ.

ಹೊರ ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಓದುವ ಮನಸ್ಸಿದ್ದರೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಅಖಿಲ ಭಾರತ ಕೋಟಾ ಇದೆ. ಅದಕ್ಕೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯಾದ ಸಿಯುಇಟಿ ಬರೆಯಬೇಕು. ಹೀಗೆ ತಮ್ಮ ರಾಜ್ಯದಾಚೆ ಸೇರುವವರಿಗೆ ಪರಿಷತ್ತಿನ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನವೂ ಉಂಟು.

ಗಣಿತ ಇಷ್ಟಪಟ್ಟು ಜೀವವಿಜ್ಞಾನ ಬಿಟ್ಟವರಿಗೂ ಬಾಗಿಲು ಮುಚ್ಚಿಲ್ಲ. ಬೆಂಗಳೂರಿನ ಜಿಕೆವಿಕೆ ಮತ್ತು ರಾಯಚೂರಿನಲ್ಲಿ ಕೃಷಿ ಎಂಜಿನಿಯರಿಂಗ್ ಬಿ.ಟೆಕ್. ಇದೆ, ಮಣ್ಣು ಮತ್ತು ನೀರು ಸಂರಕ್ಷಣೆ ಅದರ ಮುಖ್ಯ ಭಾಗ. ಇವ್ಯಾವುವೂ ಸಿಗದಿದ್ದರೆ ಊರಿನ ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಅಥವಾ ಭೂವಿಜ್ಞಾನ ಓದಿ ಸ್ನಾತಕೋತ್ತರ ಹಂತದಲ್ಲಿ ಈ ಕಡೆ ಬರಬಹುದು. ಕಾಡಿನ ಪ್ರಾಣಿಗಳ ಚಿಕಿತ್ಸೆಯೇ ನಿಮ್ಮ ಕನಸಾದರೆ ಪಶುವೈದ್ಯಕೀಯ ಪದವಿಯೇ ಸರಿಯಾದ ದಾರಿ.

ಊರೇ ಪ್ರಯೋಗಾಲಯ

ಅರಣ್ಯಶಾಸ್ತ್ರದ ನಾಲ್ಕು ವರ್ಷದಲ್ಲಿ ಮರಗಳ ವರ್ಗೀಕರಣ, ಕಾಡು ಬೆಳೆಸುವ ವಿಧಾನ, ಅರಣ್ಯ ಮಾಪನ, ಬೀಜ ಮತ್ತು ನರ್ಸರಿ ತಂತ್ರ, ಮಣ್ಣು, ಕೀಟ ಮತ್ತು ರೋಗ, ಮರದ ಗುಣಲಕ್ಷಣ, ವನ್ಯಜೀವಿ ನಿರ್ವಹಣೆ, ಕೃಷಿ ಅರಣ್ಯ, ಸಂಖ್ಯಾಶಾಸ್ತ್ರ, ಅರಣ್ಯ ಕಾನೂನು ಎಲ್ಲ ಬರುತ್ತವೆ. ಕೊನೆಯ ವರ್ಷದಲ್ಲಿ ಹಳ್ಳಿಗಳಲ್ಲಿ, ಅರಣ್ಯ ಇಲಾಖೆಯಲ್ಲಿ, ಮರ ಆಧಾರಿತ ಉದ್ಯಮಗಳಲ್ಲಿ ಉಳಿದು ಕಲಿಯುವ ಅನುಭವ ಕಾರ್ಯಕ್ರಮ ಇರುತ್ತದೆ.

ಪಠ್ಯ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಆದರೆ ಕಾಲೇಜಿನ ಸುತ್ತಲಿನ ನೆಲ ಬೇರೆ ಪಾಠ ಹೇಳುತ್ತದೆ. ಶಿರಸಿಯಲ್ಲಿ ಓದುವವರಿಗೆ ಸೊಪ್ಪಿನ ಬೆಟ್ಟ ಕಣ್ಣೆದುರೇ ಇದೆ. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲು ಬಳಕೆದಾರರಿಗೆ ಬಿಟ್ಟುಕೊಟ್ಟ ಕಾಡು ಅದು. ಒಂದು ಬೆಟ್ಟ ದಟ್ಟವಾಗಿ ಉಳಿದು ಪಕ್ಕದ್ದು ಬೋಳಾಗಿರುವುದು ಏಕೆ ಎಂದು ವಿಚಾರಿಸಿದರೆ ಮಣ್ಣಿನಷ್ಟೇ ಮನುಷ್ಯರ ಕಥೆಯೂ ಹೊರಬರುತ್ತದೆ. ಇದೇ ತಾಲ್ಲೂಕಿನ ಸಾಲ್ಕಣಿ ಸುತ್ತಲಿನ ಜನ 1983ರ ಸೆಪ್ಟೆಂಬರಿನಲ್ಲಿ ಮರಗಳನ್ನು ಅಪ್ಪಿ ನಿಂತು ಕಡಿತ ತಡೆದರು; ಅಪ್ಪಿಕೋ ಚಳವಳಿ ಹುಟ್ಟಿದ್ದು ಹೀಗೆ. ಪೊನ್ನಂಪೇಟೆಯ ಸುತ್ತ ದೇವರಕಾಡುಗಳಿವೆ. ಕೊಡಗಿನಲ್ಲಿ ದಾಖಲಾದವೇ 1,200ಕ್ಕೂ ಹೆಚ್ಚು. ಕಾಫಿ ತೋಟದ ನೆರಳುಮರ, ತೋಟಕ್ಕೆ ನುಗ್ಗುವ ಆನೆ, ಬೇಲಿಯಾಚೆ ನಾಗರಹೊಳೆಯ ಕಾಡು, ಎಲ್ಲವೂ ಒಂದೇ ದಿನದ ಸುತ್ತಾಟದಲ್ಲಿ ಸಿಗುತ್ತವೆ.

ಹೆಸರುಗಳ ವಿಷಯವನ್ನೂ ಹೇಳಬೇಕು. ಶಿರಸಿಯವರು ಮುರುಗಲು ಎನ್ನುವ ಮರವನ್ನು ಮಂಗಳೂರಿನ ಕಡೆ ಪುನರ್ಪುಳಿ ಎನ್ನುತ್ತಾರೆ. ಗಾರ್ಸೀನಿಯ ಇಂಡಿಕಾ ಎಂದರೆ ಜಗತ್ತಿನ ಎಲ್ಲ ಸಸ್ಯವಿಜ್ಞಾನಿಗಳಿಗೂ ತಿಳಿಯುತ್ತದೆ. ಆದರೆ ಹಣ್ಣು ಯಾವಾಗ ಮಾಗುತ್ತದೆ, ಯಾವ ಹಳ್ಳದ ಬದಿಯಲ್ಲಿ ಎಷ್ಟು ಮರ ಇದ್ದವು, ಈಗ ಎಷ್ಟಿವೆ ಎಂದು ಹೇಳಬಲ್ಲವರಿಗೆ ಮುರುಗಲು ಎಂದರಷ್ಟೇ ತಿಳಿಯುತ್ತದೆ. ಎರಡೂ ಹೆಸರು ಬಲ್ಲವರು ಈ ಕ್ಷೇತ್ರಕ್ಕೆ ಬೇಕು.

ಒಂದು ಎಕರೆಯ ಮೇಲೆ ಬಿದ್ದ ಮಳೆ

ಬಯಲುಸೀಮೆಯ ಮಕ್ಕಳಿಗೆ ಕಾಡಿನ ಓದು ದೂರದ್ದು ಅನ್ನಿಸಬಹುದು. ಅವರಿಗಾಗಿ ಒಂದು ಲೆಕ್ಕ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 500 ಮಿಲಿಮೀಟರ್ ಮಾತ್ರ ಮಳೆ ಕಾಣುವ ಜಾಗದಲ್ಲೂ ಒಂದು ಎಕರೆಯ ಮೇಲೆ ಬೀಳುವುದು 20 ಲಕ್ಷ ಲೀಟರಿಗೂ ಹೆಚ್ಚು. ಪ್ರಶ್ನೆ ಇರುವುದು ಅದರಲ್ಲಿ ಎಷ್ಟು ನೆಲದೊಳಗೆ ಇಳಿಯಿತು, ಎಷ್ಟು ಮೇಲ್ಮಣ್ಣನ್ನೂ ಹೊತ್ತು ಹಳ್ಳ ಸೇರಿತು ಎಂಬುದರಲ್ಲಿ.

ಜಲಾನಯನ ನಿರ್ವಹಣೆಯ ಪಾಠ ಅಲ್ಲಿಂದ ಶುರು. ದಿಣ್ಣೆಯ ನೆತ್ತಿಯಿಂದ ಕಣಿವೆಯ ಕಡೆಗೆ ಕೆಲಸ ಮಾಡುತ್ತ ಬರಬೇಕು. ಮೇಲೆ ಗಿಡ, ಹುಲ್ಲು, ಟ್ರೆಂಚು. ನಡುವಿನ ಹೊಲಗಳಲ್ಲಿ ಸಮಪಾತಳಿ ಬದು, ಕೃಷಿಹೊಂಡ. ಕೆಳಗೆ ಹಳ್ಳದಲ್ಲಿ ತಡೆಅಣೆ, ಕೊನೆಗೆ ಕೆರೆ. ನೆತ್ತಿಯನ್ನು ಬಿಟ್ಟು ಕೆಳಗಷ್ಟೇ ಅಣೆ ಕಟ್ಟಿದರೆ ಕೆಲವೇ ಮಳೆಗಾಲದಲ್ಲಿ ಹೂಳು ತುಂಬುತ್ತದೆ. ಪದವಿ ವಿದ್ಯಾರ್ಥಿಗಳು ಮಣ್ಣಿನ ಗುಂಡಿ ತೋಡಿ, ಪದರಪದರವಾಗಿ ಬಣ್ಣ ನೋಡಿ, ಒದ್ದೆ ಮಣ್ಣನ್ನು ಬೆರಳಲ್ಲಿ ಹೊಸೆದು ಜೇಡಿ ಎಷ್ಟು, ಮರಳು ಎಷ್ಟು ಎಂದು ಅಂದಾಜು ಮಾಡಲು ಕಲಿಯುತ್ತಾರೆ. ಪೈಪಿನ ಎರಡು ತುದಿಗಳ ನೀರಿನ ಮಟ್ಟ ನೋಡಿ ಸಮಪಾತಳಿ ಗೆರೆ ಎಳೆಯಲು ಕಲಿಯುತ್ತಾರೆ. ಅಪ್ಪ ಕಟ್ಟಿದ ಬದುವನ್ನು ನೋಡುತ್ತ ಬೆಳೆದ ಹುಡುಗಿಗೆ ಇಲ್ಲಿ ಅರ್ಧ ಪಾಠ ಮೊದಲೇ ಗೊತ್ತಿರುತ್ತದೆ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಗಟ್ಟಿ ಹಿನ್ನೆಲೆಯಿದೆ. ಜಲಾನಯನ ಅಭಿವೃದ್ಧಿಗೆಂದೇ ಇಲಾಖೆ ಕಟ್ಟಿದ ರಾಜ್ಯ ನಮ್ಮದು. ವಿಶ್ವಬ್ಯಾಂಕ್ ನೆರವಿನ ಸುಜಲ ಯೋಜನೆ ದೇಶದ ಗಮನ ಸೆಳೆಯಿತು. ಬಳ್ಳಾರಿಯಲ್ಲಿ ಭಾರತೀಯ ಮಣ್ಣು ಮತ್ತು ನೀರು ಸಂರಕ್ಷಣಾ ಸಂಸ್ಥೆಯ ಸಂಶೋಧನಾ ಕೇಂದ್ರವಿದ್ದು, ಕಪ್ಪುಮಣ್ಣಿನ ಸವಕಳಿಯ ಮೇಲೆ ಅಲ್ಲಿ ದಶಕಗಳಿಂದ ಅಧ್ಯಯನ ನಡೆದಿದೆ.

ಸ್ನಾತಕೋತ್ತರ ಹಂತ

ಸಂಶೋಧನೆ, ಬೋಧನೆ, ಯೋಜನೆಗಳ ಮೇಲ್ವಿಚಾರಣೆಯ ಕೆಲಸಗಳಿಗೆ ಸ್ನಾತಕೋತ್ತರ ಪದವಿ ಬೇಕಾಗುತ್ತದೆ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಬೇರು 1878ರಲ್ಲಿ ಅಲ್ಲಿ ತೆರೆದ ಅರಣ್ಯ ಶಾಲೆಯಲ್ಲಿದೆ. ಇಂದು ಅದು ಪರಿಗಣಿತ ವಿಶ್ವವಿದ್ಯಾಲಯ. ಅರಣ್ಯಶಾಸ್ತ್ರ, ಮರ ವಿಜ್ಞಾನ, ಪರಿಸರ ನಿರ್ವಹಣೆಯಲ್ಲಿ ಎಂ.ಎಸ್ಸಿ. ಇದೆ. ಅದೇ ಊರಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ ವನ್ಯಜೀವಿ ವಿಜ್ಞಾನದ ಎಂ.ಎಸ್ಸಿ. ಓದಬಹುದು. ಭೋಪಾಲದ ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆ ಯಾವ ಪದವಿಯವರನ್ನೂ ಕ್ಯಾಟ್ ಪರೀಕ್ಷೆಯ ಮೂಲಕ ತೆಗೆದುಕೊಳ್ಳುತ್ತದೆ. ನಿರ್ವಹಣೆಯ ಕಡೆ ಒಲವಿರುವವರಿಗೆ ಅದು ಒಪ್ಪುತ್ತದೆ.

ಬೆಂಗಳೂರಂತೂ ಈ ಓದಿನ ದೊಡ್ಡ ಕೇಂದ್ರ. ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲಿ ವನ್ಯಜೀವಿ ಜೀವಶಾಸ್ತ್ರ ಮತ್ತು ಸಂರಕ್ಷಣೆಯ ಎಂ.ಎಸ್ಸಿ. ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಗಳ ಕೇಂದ್ರ ಮತ್ತು ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆಗಳಲ್ಲಿ ಪಿಎಚ್‌.ಡಿ. ಮಾಡಬಹುದು. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಶ್ರೀಗಂಧ ಮತ್ತು ಮರಮಟ್ಟಿನ ಸಂಶೋಧನೆಗೆ ಹೆಸರಾಗಿದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಮೈಸೂರು ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಕಡಿಮೆ ಖರ್ಚಿನಲ್ಲಿ ಆಗುತ್ತದೆ.

ಸಂಖ್ಯಾಶಾಸ್ತ್ರಕ್ಕೆ ಹೆದರಬೇಡಿ ಎಂದು ಇಲ್ಲಿ ಒತ್ತಿ ಹೇಳುತ್ತೇನೆ. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ ಎಂದು ಪತ್ರಿಕೆಯಲ್ಲಿ ಓದಿದ್ದೀರಿ. ಅದು ತಲೆ ಎಣಿಸಿ ಬಂದ ಸಂಖ್ಯೆಯಲ್ಲ. ಕ್ಯಾಮೆರಾಕ್ಕೆ ಸಿಕ್ಕ ಹುಲಿಗಳ ಪಟ್ಟೆ ಹೋಲಿಸಿ ಒಂದೊಂದನ್ನೂ ಗುರುತಿಸಿ, ಸಿಗದವು ಎಷ್ಟಿರಬಹುದು ಎಂದು ಗಣಿತದಿಂದ ಕಂಡುಕೊಂಡ ಅಂದಾಜು. ಆ ಗಣಿತ ಬಲ್ಲವರು ಈ ಕ್ಷೇತ್ರದಲ್ಲಿ ಕೆಲಸವಿಲ್ಲದೆ ಕೂತದ್ದು ಕಡಿಮೆ.

ಉದ್ಯೋಗ: ಖಾಕಿ ತೊಟ್ಟವರು

ಅರಣ್ಯ ಇಲಾಖೆಯ ಏಣಿಯನ್ನು ಕೆಳಗಿನಿಂದ ನೋಡೋಣ. ಅರಣ್ಯ ವೀಕ್ಷಕ, ಗಸ್ತು ಅರಣ್ಯ ಪಾಲಕ, ಉಪ ವಲಯ ಅರಣ್ಯಾಧಿಕಾರಿ, ವಲಯ ಅರಣ್ಯಾಧಿಕಾರಿ, ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ, ಅವರ ಮೇಲೆ ಭಾರತೀಯ ಅರಣ್ಯ ಸೇವೆಯ ಅಧಿಕಾರಿಗಳು. ಗಸ್ತು ಅರಣ್ಯ ಪಾಲಕರ ಹುದ್ದೆಗೆ ಪಿಯುಸಿ ಸಾಕು. ವಲಯ ಅರಣ್ಯಾಧಿಕಾರಿ ಮತ್ತು ಸಹಾಯಕ ಸಂರಕ್ಷಣಾಧಿಕಾರಿ ಹುದ್ದೆಗಳ ನೇರ ನೇಮಕಾತಿಯಲ್ಲಿ ಅರಣ್ಯಶಾಸ್ತ್ರ ಪದವೀಧರರಿಗೆ ಪಾಲು ಮೀಸಲಿಡುವ ಪದ್ಧತಿ ಬಂದಿದೆ. ಆದರೆ ಆ ಪ್ರಮಾಣ ಕಾಲಕಾಲಕ್ಕೆ ಬದಲಾಗಿದೆ, ಅದಕ್ಕಾಗಿ ವಿದ್ಯಾರ್ಥಿಗಳು ತರಗತಿ ಬಿಟ್ಟು ಧರಣಿ ಕೂತದ್ದೂ ಇದೆ. ಹಾಗಾಗಿ ಅಧಿಸೂಚನೆ ಹೊರಬಿದ್ದಾಗ ಆ ದಿನ ಜಾರಿಯಲ್ಲಿರುವ ನಿಯಮವನ್ನೇ ನೋಡಿ.

ಭಾರತೀಯ ಅರಣ್ಯ ಸೇವೆ 1966ರಲ್ಲಿ ರೂಪುಗೊಂಡಿತು. ಪರೀಕ್ಷೆ ನಡೆಸುವುದು ಯುಪಿಎಸ್‌ಸಿ. ಅರಣ್ಯಶಾಸ್ತ್ರವೇ ಓದಿರಬೇಕೆಂದಿಲ್ಲ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೂವಿಜ್ಞಾನ, ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಸಂಖ್ಯಾಶಾಸ್ತ್ರ, ಪಶುವೈದ್ಯಕೀಯ, ಕೃಷಿ, ಎಂಜಿನಿಯರಿಂಗ್ ಪದವೀಧರರೂ ಬರೆಯಬಹುದು. ಪೂರ್ವಭಾವಿ ಪರೀಕ್ಷೆ ಐಎಎಸ್ ಪರೀಕ್ಷೆಯದೇ, ಮುಖ್ಯ ಪರೀಕ್ಷೆ ಬೇರೆ: ಆರು ಪತ್ರಿಕೆ, 1,400 ಅಂಕ, ಮೇಲೆ ಸಂದರ್ಶನಕ್ಕೆ 300. ಅದರ ಜೊತೆ ನಡಿಗೆಯ ಪರೀಕ್ಷೆಯೂ ಇದೆ: ನಾಲ್ಕು ಗಂಟೆಯಲ್ಲಿ ಪುರುಷರು 25 ಕಿಲೋಮೀಟರ್, ಮಹಿಳೆಯರು 14 ಕಿಲೋಮೀಟರ್. ರಾಜ್ಯದ ಹುದ್ದೆಗಳಿಗೂ ದೈಹಿಕ ಪರೀಕ್ಷೆ ಕಡ್ಡಾಯ. ಪುಸ್ತಕ ಹಿಡಿದು ಕೂತವರು ಬೆಳಗಿನ ನಡಿಗೆಯನ್ನು ಬಿಡಬಾರದು.

ಖಾಕಿಯ ಆಚೆಗೆ

ಈ ಓದಿನ ಉದ್ಯೋಗಗಳೆಲ್ಲ ಇಲಾಖೆಯಲ್ಲೇ ಇಲ್ಲ. ನಾಲ್ಕು ಕಡೆ ಕಣ್ಣಿಡಿ.

ಮೊದಲನೆಯದು ಸ್ವಯಂಸೇವಾ ಮತ್ತು ಸಂಶೋಧನಾ ಸಂಸ್ಥೆಗಳು. ಮೈರಾಡ, ತಿಪಟೂರಿನ ಬೈಫ್, ಫೌಂಡೇಷನ್ ಫಾರ್ ಇಕಾಲಜಿಕಲ್ ಸೆಕ್ಯುರಿಟಿ, ಏಟ್ರೀಯಂಥ ಸಂಸ್ಥೆಗಳು ಹಳ್ಳಿಗಳ ಜೊತೆ ದುಡಿಯುತ್ತವೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗ ಬುಡಕಟ್ಟಿನವರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಇಂಥ ಕಡೆ ನಕ್ಷೆ ಬರೆಯುವವರು, ಜೇನು ಮತ್ತು ನೆಲ್ಲಿಕಾಯಿಯ ಇಳುವರಿ ದಾಖಲಿಸುವವರು, ಗ್ರಾಮಸಭೆಯ ಮಾತನ್ನು ಕಚೇರಿಯ ಭಾಷೆಗೆ ತರುವವರು ಬೇಕು.

ಎರಡನೆಯದು ಪರಿಸರ ಪರಿಣಾಮ ಅಧ್ಯಯನ. 2006ರ ಅಧಿಸೂಚನೆಯ ಪ್ರಕಾರ ಗಣಿ, ಅಣೆಕಟ್ಟು, ಹೆದ್ದಾರಿಯಂಥ ದೊಡ್ಡ ಯೋಜನೆಗಳಿಗೆ ಈ ವರದಿ ಬೇಕು. ಅದನ್ನು ಮಾನ್ಯತೆ ಪಡೆದ ಸಲಹಾ ಸಂಸ್ಥೆಗಳು ಸಿದ್ಧಪಡಿಸುತ್ತವೆ. ವರದಿಯ ಸಾರಾಂಶ ಜನರ ಭಾಷೆಯಲ್ಲೂ ಇರಬೇಕು, ಸಾರ್ವಜನಿಕ ಅಹವಾಲು ನಡೆಯಬೇಕು. ಒಳ್ಳೆಯ ಕನ್ನಡ ಬರೆಯಬಲ್ಲ ವಿಜ್ಞಾನ ಪದವೀಧರರ ಬೆಲೆ ಇಲ್ಲಿ ತಿಳಿಯುತ್ತದೆ. ಒಂದು ಎಚ್ಚರಿಕೆಯೂ ಬೇಕು: ನೀವು ಬರೆಯುವ ಒಂದು ಸಾಲಿನ ಮೇಲೆ ಒಂದು ಊರಿನ ಹಳ್ಳ ಉಳಿಯುವುದೋ ಬತ್ತುವುದೋ ನಿಂತಿರುತ್ತದೆ. ಕಾಣದ್ದನ್ನು ಕಂಡೆ ಎಂದು, ಕಂಡದ್ದನ್ನು ಕಾಣಲಿಲ್ಲ ಎಂದು ಬರೆಯದ ಗಟ್ಟಿತನ ಮೊದಲ ಕೆಲಸದಿಂದಲೇ ಇರಲಿ.

ಮೂರನೆಯದು ಕಂಪನಿಗಳು. ಷೇರುಪೇಟೆಯ ಮೊದಲ 1,000 ಕಂಪನಿಗಳು 2022–23ರಿಂದ ತಮ್ಮ ನೀರು, ಇಂಧನ, ತ್ಯಾಜ್ಯದ ಲೆಕ್ಕವನ್ನು ಸೆಬಿಯ ನಮೂನೆಯಲ್ಲಿ ಕೊಡಲೇಬೇಕು. ಆ ಲೆಕ್ಕ ತೆಗೆಯಲು, ಕೆರೆ ಪುನಶ್ಚೇತನದಂಥ ಸಾಮಾಜಿಕ ಹೊಣೆಗಾರಿಕೆ ಯೋಜನೆ ನಡೆಸಲು ಜನ ಬೇಕು.

ನಾಲ್ಕನೆಯದು ಸ್ವಂತ ದುಡಿಮೆ. ದೇಸಿ ಗಿಡಗಳ ನರ್ಸರಿ, ಕೃಷಿ ಅರಣ್ಯದ ಸಲಹೆ, ಶ್ರೀಗಂಧ, ಬಿದಿರು, ಹೆಬ್ಬೇವು ಬೆಳೆಸುವ ರೈತರಿಗೆ ಮಾರ್ಗದರ್ಶನ. ಜಮೀನು ಇರುವ ಮಕ್ಕಳಿಗೆ ಇದು ಊರಲ್ಲೇ ಉಳಿಯುವ ದಾರಿ.

ಕಷ್ಟಗಳನ್ನೂ ತಿಳಿದುಕೊಳ್ಳಿ

ಸರ್ಕಾರಿ ನೇಮಕಾತಿ ಪ್ರತಿವರ್ಷ ಆಗುವುದಿಲ್ಲ. ಅಧಿಸೂಚನೆಗೆ ಕಾಯುತ್ತ ವಯಸ್ಸು ಕಳೆಯುವ ಬದಲು ಎರಡನೆಯ ದಾರಿ ಇಟ್ಟುಕೊಳ್ಳಬೇಕು. ಸಂಸ್ಥೆಗಳ ಮೊದಲ ಕೆಲಸ ಹೆಚ್ಚಾಗಿ ಒಂದೆರಡು ವರ್ಷದ ಯೋಜನೆಯದು; ಸಂಬಳ ಐಟಿ ಕಂಪನಿಯ ಗೆಳೆಯರಷ್ಟು ಇರುವುದಿಲ್ಲ. ಕಾಡಿನ ಕೆಲಸದಲ್ಲಿ ಮನೆಯಿಂದ ದೂರ ಇರಬೇಕು, ಬೇಸಿಗೆಯ ಬೆಂಕಿ ಕಾಲದಲ್ಲಿ ರಜೆ ಇರುವುದಿಲ್ಲ, ಆನೆ ಬೆಳೆ ತುಳಿದ ಊರಿನಲ್ಲಿ ಸಿಟ್ಟಿಗೆದ್ದ ರೈತರೆದುರು ನಿಲ್ಲಬೇಕಾಗುತ್ತದೆ. ಆಗ ಕಾನೂನು ಓದಿ ಹೇಳುವುದಕ್ಕಿಂತ ಮೊದಲು ಅವರ ನಷ್ಟವನ್ನು ಕಣ್ಣಾರೆ ನೋಡಿ ಬರೆದುಕೊಳ್ಳುವ ಅಧಿಕಾರಿಯ ಮಾತನ್ನು ಜನ ಕೇಳುತ್ತಾರೆ. ಹೆಣ್ಣುಮಕ್ಕಳನ್ನು ಈ ಓದಿಗೆ ಕಳಿಸಲು ಹಿಂಜರಿಯುವ ತಂದೆತಾಯಿ ಒಮ್ಮೆ ಹತ್ತಿರದ ವಲಯ ಕಚೇರಿಗೆ ಹೋಗಿ ಬನ್ನಿ. ಗಸ್ತು ತಿರುಗುವ, ವಲಯ ನಡೆಸುವ ಹೆಣ್ಣುಮಕ್ಕಳು ಇಂದು ರಾಜ್ಯದ ಎಲ್ಲ ಕಡೆ ಇದ್ದಾರೆ. ಅವರ ಬಾಯಿಂದಲೇ ಕೇಳುವುದು ಒಳ್ಳೆಯದು.

ಓದುತ್ತಿರುವಾಗಲೇ ಕಲಿಯಬೇಕಾದ ಐದು

1. ನಕ್ಷೆ. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ನಿಮ್ಮ ಊರಿನ ಕೆರೆ, ಗೋಮಾಳ, ಕಾಡಿನ ನಕ್ಷೆ ಮಾಡಿ. ಇಸ್ರೋದ ಭುವನ್ ತಾಣದಲ್ಲಿ ಉಪಗ್ರಹ ಚಿತ್ರ ಸಿಗುತ್ತದೆ. ಡೆಹರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆ ಆನ್‌ಲೈನ್ ಪಾಠಗಳನ್ನು ಉಚಿತವಾಗಿ ನಡೆಸುತ್ತದೆ.
2. ನೂರು ಗಿಡಮರ. ಎಲೆ, ತೊಗಟೆ, ಹೂವು, ಕಾಯಿಯಿಂದ ಗುರುತಿಸಿ, ವೈಜ್ಞಾನಿಕ ಹೆಸರಿನ ಜೊತೆ ಊರಿನ ಹೆಸರನ್ನೂ ಬರೆದಿಡಿ.
3. ಕ್ಷೇತ್ರ ಪುಸ್ತಕ. ದಿನಾಂಕ, ಸಮಯ, ಜಾಗ, ಹವೆ, ಕಂಡದ್ದು. ಸಂಜೆ ರೂಮಿಗೆ ಬಂದು ನೆನಪಿನಿಂದ ಬರೆಯುವುದು ದಾಖಲೆಯಲ್ಲ. ಸ್ಥಳದಲ್ಲೇ, ಪೆನ್ಸಿಲಿನಲ್ಲಿ ಬರೆಯಿರಿ. ಮಳೆಗೆ ಶಾಯಿ ಕರಗುತ್ತದೆ.
4. ಕಾಯ್ದೆಗಳು. 1972ರ ವನ್ಯಜೀವಿ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ, 2002ರ ಜೀವವೈವಿಧ್ಯ ಕಾಯ್ದೆ, 2006ರ ಅರಣ್ಯ ಹಕ್ಕು ಕಾಯ್ದೆಗಳನ್ನು ಮೂಲದಲ್ಲೇ ಒಮ್ಮೆ ಓದಿ.
5. ಊರಿನ ಸಮಿತಿ. ನಿಮ್ಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿ ಪುಸ್ತಕ ಎಲ್ಲಿದೆ ಎಂದು ಕೇಳಿ, ತೆರೆದು ನೋಡಿ. ಹಾಳೆ ಖಾಲಿ ಇದ್ದರೆ ತುಂಬಲು ನೆರವಾಗಿ. ಈ ಓದಿನ ಮೊದಲ ಕೆಲಸ ನಿಮ್ಮ ಊರಲ್ಲೇ ಕಾದಿದೆ.

ಒಂದು ಮರ, ಎರಡು ಅಳತೆ

ಸಂಶೋಧಕರು ಅಳತೆ ಮುಗಿಸಿ ಮರಕ್ಕೆ ಸಂಖ್ಯೆ ಕೆತ್ತಿದ ಚಿಕ್ಕ ಅಲ್ಯೂಮಿನಿಯಂ ಬಿಲ್ಲೆ ಕಟ್ಟಿ ಬರುತ್ತಾರೆ. ಕೆಲವು ವರ್ಷ ಬಿಟ್ಟು ಇನ್ಯಾರೋ ಅದೇ ಬಿಲ್ಲೆ ಹುಡುಕಿ, ಅದೇ ಎತ್ತರದಲ್ಲಿ ಟೇಪು ಸುತ್ತುತ್ತಾರೆ. ಮರ ಎಷ್ಟು ಬೆಳೆಯಿತು, ಕಾಡು ದಟ್ಟವಾಯಿತೋ ಬಡವಾಯಿತೋ ಎಂದು ಗೊತ್ತಾಗುವುದು ಆ ಎರಡನೆಯ ಅಳತೆಯಲ್ಲಿ. ಮೊದಲ ಸಲ ಅಳೆದವರು ಎಡವಟ್ಟು ಮಾಡಿದ್ದರೆ ನಡುವಿನ ವರ್ಷಗಳೆಲ್ಲ ವ್ಯರ್ಥ.

ಈ ಓದು ನಿಮ್ಮದೋ ಅಲ್ಲವೋ ಎಂಬ ಗೊಂದಲವಿದ್ದರೆ ಈ ಭಾನುವಾರ ಮನೆ ಹತ್ತಿರದ ಒಂದು ಮರ ಆರಿಸಿಕೊಳ್ಳಿ. ಹೊಂಗೆಯೋ ಹಲಸೋ ಬೇವೋ, ಯಾವುದಾದರೂ ಸರಿ. ನೆಲದಿಂದ 1.37 ಮೀಟರ್ ಎತ್ತರಕ್ಕೆ ಸುಣ್ಣದ ಗುರುತು ಹಾಕಿ, ದರ್ಜಿಯ ಟೇಪು ಸುತ್ತಿ, ಸುತ್ತಳತೆಯನ್ನು 3.14ರಿಂದ ಭಾಗಿಸಿ ವ್ಯಾಸ ಕಂಡುಕೊಳ್ಳಿ. ದಿನಾಂಕ ಹಾಕಿ ಬರೆದಿಡಿ. ಮರದಡಿ ಐದು ನಿಮಿಷ ನಿಂತು ಯಾವ ಹಕ್ಕಿ ಬಂತು, ಯಾರು ಸೊಪ್ಪು ಕಡಿದರು, ಯಾವ ಕೊಂಬೆ ಒಣಗಿದೆ ಎಂದೂ ಬರೆಯಿರಿ. ಮುಂದಿನ ವರ್ಷ ಅದೇ ದಿನ ಆ ಪುಸ್ತಕ ಹುಡುಕಿ, ಟೇಪು ಹಿಡಿದು ಮತ್ತೆ ಆ ಮರದ ಹತ್ತಿರ ಹೋಗಬೇಕೆಂದು ನಿಮಗೇ ಅನ್ನಿಸಿದರೆ, ಅರ್ಜಿ ತುಂಬಲು ಹಿಂದೆಮುಂದೆ ನೋಡಬೇಡಿ.